ಹೆಪ್ಪಿನ ಹನಿ, ಈರುಳ್ಳಿಯ ಬೇರು

ಪ್ರತಿ ವರ್ಷ ಕೋಶ ವಿಭಜನೆಯ ಪ್ರಯೋಗ ಬರುವ ವಾರ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ನಾಲ್ಕೈದು ಗಾಜಿನ ಲೋಟಗಳು ಸಾಲಾಗಿ ನಿಲ್ಲುತ್ತವೆ. ಒಂದೊಂದರ ಬಾಯಿಯ ಮೇಲೂ ಒಂದೊಂದು ಈರುಳ್ಳಿ, ಬುಡ ಮಾತ್ರ ನೀರಿಗೆ ತಾಗುವಂತೆ ಕೂತಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಬಿಳಿಯ ಬೇರುಗಳು ನೀರಿಗಿಳಿಯುತ್ತವೆ. ಅವು ಒಂದಂಗುಲ ಬೆಳೆದ ಮೇಲೆ ಬೆಳಗಿನ ಹೊತ್ತಿನಲ್ಲಿ ತುದಿಗಳನ್ನು ಕತ್ತರಿಸಿ, ಅಸಿಟಿಕ್ ಆಮ್ಲ ಮತ್ತು ಆಲ್ಕೋಹಾಲಿನ ಮಿಶ್ರಣದಲ್ಲಿ ಒಂದು ದಿನ ಇಟ್ಟು, ಕಾಲೇಜಿಗೆ ಒಯ್ಯುತ್ತೇನೆ. ಅದೇ ಕಟ್ಟೆಯ ಇನ್ನೊಂದು ಮೂಲೆಯಲ್ಲಿ ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆ ಇರುತ್ತದೆ. ಲೋಟದಲ್ಲಿ ಬೇರು ಇಳಿಯುವುದೂ ಪಾತ್ರೆಯಲ್ಲಿ ಹಾಲು ಹೆಪ್ಪಾಗುವುದೂ ಒಂದೇ ಕೆಲಸದಿಂದ, ಅಂದರೆ ಒಂದು ಕೋಶ ಎರಡಾಗುವುದರಿಂದ. ಆದರೆ ಆ ಕೆಲಸವನ್ನು ಈರುಳ್ಳಿ ಮಾಡುವ ಬಗೆಗೂ ಹೆಪ್ಪಿನ ಬ್ಯಾಕ್ಟೀರಿಯಾ ಮಾಡುವ ಬಗೆಗೂ ಇರುವ ಅಂತರ ಎಷ್ಟೆಂಬುದು ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ಮೇಲೆ ನನಗೆ ಸರಿಯಾಗಿ ಅರ್ಥವಾಯಿತು.

ಈರುಳ್ಳಿಯ ಪ್ರಯೋಗ ಬಲ್ಲವರಿಗೆ ಅದರ ಕ್ರಮ ನೆನಪಿರಬಹುದು. ಬೇರಿನ ತುದಿಯನ್ನು ಸ್ಲೈಡಿನ ಮೇಲಿಟ್ಟು, ಒಂದು ಹನಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಎರಡು ಹನಿ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಕುದಿ ಬರದಂತೆ ಬೆಚ್ಚಗೆ ಮಾಡಿ, ಕವರ್‌ಸ್ಲಿಪ್ ಮುಚ್ಚಿ, ಮೇಲೆ ಬ್ಲಾಟಿಂಗ್ ಕಾಗದವಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬೆರಳು ಅಡ್ಡಕ್ಕೆ ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಂಡು ಸ್ಲೈಡು ಕೆಡುತ್ತದೆ. ಸರಿಯಾಗಿ ಒತ್ತಿದ ಸ್ಲೈಡಿನಲ್ಲಿ ಇಟ್ಟಿಗೆ ಜೋಡಿಸಿದಂತಹ ಕೋಶಗಳು ಒಂದೇ ಪದರವಾಗಿ ಹರಡಿಕೊಳ್ಳುತ್ತವೆ. ಬಹುಪಾಲು ಕೋಶಗಳಲ್ಲಿ ದುಂಡನೆಯ ಕೆಂಪು ಕೋಶಕೇಂದ್ರ ಸುಮ್ಮನೆ ಕೂತಿರುತ್ತದೆ. ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣಿಸುತ್ತವೆ. ಅವು ಹದಿನಾರು. ಒಂದು ಕೋಶದಲ್ಲಿ ಅವು ನಡುವೆ ಸಾಲುಗಟ್ಟಿರುತ್ತವೆ, ಇನ್ನೊಂದರಲ್ಲಿ ಎರಡು ಗುಂಪಾಗಿ, ತೋಳು ಹಿಂದಕ್ಕೆ ಬಾಗಿಸಿಕೊಂಡು, ಎದುರುಬದುರು ದಿಕ್ಕಿಗೆ ಹೊರಟಿರುತ್ತವೆ. ಮೊದಲ ಸಲ ಇದನ್ನು ಕಂಡ ವಿದ್ಯಾರ್ಥಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಪಕ್ಕದವರ ತೋಳು ಹಿಡಿದು ಎಳೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ತರಗತಿಯಲ್ಲಿ, ಈರುಳ್ಳಿಯ ಸ್ಲೈಡಿನ ಪಕ್ಕದಲ್ಲೇ ಮೊಸರಿನ ಸ್ಲೈಡನ್ನೂ ಇಟ್ಟಿದ್ದೆ. ಮೊಸರಿನ ತಿಳಿಯನ್ನು ತೆಳ್ಳಗೆ ಸವರಿ, ಒಣಗಿಸಿ, ಮಿಥಿಲೀನ್ ಬ್ಲೂ ಹಾಕಿದರೆ ನೀಲಿ ಚುಕ್ಕಿಗಳೂ ಗಿಡ್ಡನೆಯ ಕಡ್ಡಿಗಳೂ ಕಾಣುತ್ತವೆ. ಚುಕ್ಕಿಗಳು ಹಲವೆಡೆ ಮಣಿಸರದ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಕೋಶಗಳು ಪ್ರತಿ ಸಲವೂ ಒಂದೇ ದಿಕ್ಕಿಗೆ ಅಡ್ಡವಾಗಿ ಸೀಳಿಕೊಂಡು, ಸೀಳಿದ ಮೇಲೂ ಪೂರ್ತಿ ಬಿಡಿಸಿಕೊಳ್ಳದೆ ಉಳಿಯುವುದರಿಂದ ಸರವಾಗುತ್ತದೆ. ಇದನ್ನು ನೋಡಿದ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಈರುಳ್ಳಿಗೆ ವರ್ಣತಂತು ಎಳೆಯೋಕೆ ಕದಿರಿನ ಎಳೆಗಳಿವೆ. ಬ್ಯಾಕ್ಟೀರಿಯಾಕ್ಕೆ ಅದೇನೂ ಇಲ್ಲ ಅಂತೀರಿ. ಹಾಗಾದರೆ ಅದರ ಡಿಎನ್‌ಎ ಎರಡು ಕಡೆಗೆ ಹೋಗೋದು ಹೇಗೆ?"

ನಾನು ಪಾಠದಲ್ಲಿದ್ದ ಉತ್ತರವನ್ನೇ ಕೊಟ್ಟೆ. ಬ್ಯಾಕ್ಟೀರಿಯಾದ ಕೋಶಪೊರೆ ಒಂದೆಡೆ ಒಳಕ್ಕೆ ಮಡಿಚಿಕೊಂಡು ಮೀಸೋಸೋಮ್ ಎಂಬ ರಚನೆಯಾಗುತ್ತದೆ, ಡಿಎನ್‌ಎ ಅದಕ್ಕೆ ಅಂಟಿಕೊಂಡಿರುತ್ತದೆ, ಪೊರೆ ಬೆಳೆದಂತೆ ಎರಡು ನಕಲುಗಳು ದೂರ ಸರಿಯುತ್ತವೆ ಎಂದೆ. ಅವಳು ತಲೆಯಾಡಿಸಿದಳು, ಆದರೆ ಅವಳ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಅಂದು ಸಂಜೆ ಆ ಉತ್ತರವನ್ನು ಸ್ವಲ್ಪ ವಿವರವಾಗಿ ಓದಿಕೊಳ್ಳೋಣವೆಂದು ಕೂತಾಗ, ನಾನು ಅಷ್ಟು ವರ್ಷ ಹೇಳಿಕೊಡುತ್ತಾ ಬಂದದ್ದು ಇಲ್ಲದ ವಸ್ತುವಿನ ಬಗ್ಗೆ ಎಂದು ತಿಳಿಯಿತು. ಮೀಸೋಸೋಮ್ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆಂದು ಬ್ಯಾಕ್ಟೀರಿಯಾವನ್ನು ರಾಸಾಯನಿಕಗಳಲ್ಲಿ ಸಂಸ್ಕರಿಸುವಾಗ ಪೊರೆ ಸುಕ್ಕುಗಟ್ಟಿ ಉಂಟಾಗುವ ರೂಪ. ರಾಸಾಯನಿಕ ಬಳಸದೆ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿದ ಕೋಶಗಳಲ್ಲಿ ಅದು ಕಾಣುವುದಿಲ್ಲ. 1970ರ ದಶಕದಿಂದಲೇ ಇದರ ಪುರಾವೆಗಳು ಬರತೊಡಗಿದ್ದವು. ಆದರೂ ಹಲವು ಪಠ್ಯಪುಸ್ತಕಗಳಲ್ಲಿ ಅದು ಉಳಿದುಕೊಂಡಿತು, ನನ್ನ ಬಾಯಲ್ಲೂ ಉಳಿದುಕೊಂಡಿತು. ಆ ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರ ಹುಡುಕುತ್ತಾ ಓದಿದ್ದರ ಫಲ ಈ ಬರಹ.

ಬ್ಯಾಕ್ಟೀರಿಯಾದ ವಿಭಜನೆಗೆ ನಾವು ದ್ವಿವಿದಳನ ಎನ್ನುತ್ತೇವೆ. ಆ ಪದದ ಹಿಂದೆ ‘ಸರಳ’ ಎಂಬ ವಿಶೇಷಣ ತಪ್ಪದೆ ಬರುತ್ತದೆ. ಸರಳ ಎಂದು ಹೇಳಿದ ಮೇಲೆ ವಿವರಿಸುವುದಕ್ಕೆ ಏನೂ ಉಳಿಯುವುದಿಲ್ಲ, ಹಾಗಾಗಿ ಅರ್ಧ ಪುಟದಲ್ಲಿ ಅದು ಮುಗಿದು ಉಳಿದ ಹತ್ತು ಪುಟ ಈರುಳ್ಳಿಯಂತಹ ಕೋಶಗಳ ವಿಭಜನೆಗೆ, ಅಂದರೆ ಮೈಟೋಸಿಸ್‌ಗೆ ಮೀಸಲಾಗುತ್ತದೆ. ವಾಸ್ತವದಲ್ಲಿ ಬ್ಯಾಕ್ಟೀರಿಯಾ ಚಿಕ್ಕದು ಹೌದು, ಅದರ ವಿಭಜನೆ ಸರಳವಲ್ಲ. ಹೆಚ್ಚು ಅಧ್ಯಯನಕ್ಕೊಳಗಾದ ಈ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನೇ ನೋಡೋಣ. ಅದರ ಉದ್ದ ಸುಮಾರು ಎರಡು ಮೈಕ್ರೋಮೀಟರ್. ಅದರೊಳಗಿರುವ ಏಕೈಕ ವರ್ಣತಂತು ಬಳೆಯಂತೆ ತುದಿಯಿಲ್ಲದ್ದು, 46 ಲಕ್ಷ ಬೇಸ್ ಜೋಡಿಗಳದ್ದು, ಅಂದರೆ ಡಿಎನ್‌ಎ ಏಣಿಯ ಅಷ್ಟು ಮೆಟ್ಟಿಲುಗಳದ್ದು. ಬಿಡಿಸಿ ನೇರವಾಗಿಸಿದರೆ ಒಂದೂವರೆ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಅಂದರೆ ತಾನಿರುವ ಕೋಶಕ್ಕಿಂತ ಸುಮಾರು ಎಂಟುನೂರು ಪಟ್ಟು ಉದ್ದದ ದಾರವನ್ನು ಗಂಟು ಬೀಳದಂತೆ ನಕಲು ಮಾಡಿ, ಎರಡನ್ನೂ ಬಿಡಿಸಿ, ನಡುವೆ ಗೋಡೆ ಕಟ್ಟಬೇಕು. ಆಹಾರ ಸಮೃದ್ಧವಾಗಿದ್ದು ಬಿಸಿ ನಮ್ಮ ಮೈಶಾಖದಷ್ಟಿದ್ದರೆ ಇಷ್ಟೂ ಕೆಲಸ ಇಪ್ಪತ್ತು ನಿಮಿಷಕ್ಕೊಮ್ಮೆ ನಡೆಯುತ್ತದೆ.

ಇಲ್ಲಿ ಒಂದು ಲೆಕ್ಕ ಕೂಡುವುದಿಲ್ಲ. ನಕಲು ಒಂದು ನಿಗದಿತ ಸ್ಥಳದಲ್ಲಿ ಆರಂಭವಾಗಿ ಎರಡೂ ದಿಕ್ಕಿಗೆ, ಒಂದೊಂದು ಕಡೆ ಸೆಕೆಂಡಿಗೆ ಸುಮಾರು ಸಾವಿರ ಬೇಸ್ ಜೋಡಿಗಳಂತೆ ಸಾಗುತ್ತದೆ. ಆ ವೇಗದಲ್ಲಿ ಇಡೀ ಬಳೆಯನ್ನು ಸುತ್ತಿ ಮುಗಿಸಲು ಸುಮಾರು ನಲವತ್ತು ನಿಮಿಷ ಬೇಕು, ಆಮೇಲೆ ಕೋಶ ಎರಡಾಗಲು ಇನ್ನೂ ಇಪ್ಪತ್ತು ನಿಮಿಷ. ಒಟ್ಟು ಒಂದು ಗಂಟೆ ಹಿಡಿಯುವ ಕೆಲಸ ಇಪ್ಪತ್ತು ನಿಮಿಷಕ್ಕೊಮ್ಮೆ ಮುಗಿಯುವುದಾದರೂ ಹೇಗೆ? 1968ರಲ್ಲಿ ಸ್ಟೀಫನ್ ಕೂಪರ್ ಮತ್ತು ಚಾರ್ಲ್ಸ್ ಹೆಲ್ಮ್‌ಸ್ಟೆಟರ್ ಇದನ್ನು ಬಿಡಿಸಿದರು. ಒಂದು ನಕಲು ಮುಗಿಯುವ ಮೊದಲೇ ಮುಂದಿನ ನಕಲು ಆರಂಭವಾಗಿರುತ್ತದೆ, ಅದು ಅರ್ಧಕ್ಕೆ ಬರುವ ಹೊತ್ತಿಗೆ ಅದರ ಮೇಲೆ ಮತ್ತೊಂದು. ವೇಗವಾಗಿ ಬೆಳೆಯುತ್ತಿರುವ ಕೋಶದಲ್ಲಿ ಮೊಮ್ಮಗಳ ವಿಭಜನೆಗೆ ಬೇಕಾದ ನಕಲು ಅಜ್ಜಿಯ ಒಡಲಿನಲ್ಲೇ ಶುರುವಾಗಿರುತ್ತದೆ. ಈ ವಾಕ್ಯವನ್ನು ಮೊದಲ ಬಾರಿ ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಾಗ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ಮಟ್ಟಿಗೆ ಎರಡು ಬಗೆಯ ಕೋಶಗಳ ನಡುವಿನ ಮುಖ್ಯ ಭೇದ ಇಲ್ಲಿದೆ. ಕೋಶಕೇಂದ್ರ ಇದೆಯೋ ಇಲ್ಲವೋ ಎಂಬುದು ಅದರ ಅನಂತರದ ಮಾತು. ಬ್ಯಾಕ್ಟೀರಿಯಾದಲ್ಲಿ ಬೆಳೆಯುವುದು, ನಕಲು ಮಾಡುವುದು, ಬೇರ್ಪಡಿಸುವುದು, ಕತ್ತರಿಸುವುದು ಒಂದರ ಮೇಲೊಂದು ಹಾಸಿಕೊಂಡು ಏಕಕಾಲಕ್ಕೆ ನಡೆಯುತ್ತವೆ. ಈರುಳ್ಳಿಯಲ್ಲಿ, ನಮ್ಮಲ್ಲಿ, ಅಣಬೆಯಲ್ಲಿ ಒಂದು ಮುಗಿಯದೆ ಇನ್ನೊಂದು ಆರಂಭವಾಗುವಂತಿಲ್ಲ. ನಮ್ಮ ಕೋಶದ ಒಂದು ಚಕ್ರದಲ್ಲಿ ಡಿಎನ್‌ಎಯ ಪ್ರತಿ ತುಣುಕೂ ಒಂದೇ ಒಂದು ಸಲ ನಕಲಾಗಬೇಕು, ಎರಡನೆಯ ಸಲ ಆಗಲೇಬಾರದು. ಅದಕ್ಕೆಂದೇ ನಕಲು ಆರಂಭವಾಗುವ ಸ್ಥಳಗಳಿಗೆ ಮೊದಲೇ ಪರವಾನಗಿ ಕೊಟ್ಟು, ಬಳಸಿದ ಮೇಲೆ ಅದನ್ನು ಕಿತ್ತುಕೊಳ್ಳುವ ವ್ಯವಸ್ಥೆಯಿದೆ. ಈ ಹಂತಗಳಿರುವುದು ಗೊತ್ತಾದದ್ದೂ ಒಂದು ಬೇರಿನ ತುದಿಯಿಂದಲೇ: 1953ರಲ್ಲಿ ಅಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಒಂದು ಜಾತಿಯ ಅವರೆಯ ಬೇರಿಗೆ ವಿಕಿರಣಶೀಲ ರಂಜಕ ಉಣಿಸಿ, ಡಿಎನ್‌ಎ ತಯಾರಾಗುವ ಹೊತ್ತು ಬೇರೆ, ಕೋಶ ವಿಭಜನೆಯಾಗುವ ಹೊತ್ತು ಬೇರೆ, ಎರಡರ ನಡುವೆ ಬಿಡುವಿದೆ ಎಂದು ತೋರಿಸಿದರು.

ಇಷ್ಟು ಕಟ್ಟುನಿಟ್ಟು ಏಕೆ ಬೇಕಾಯಿತೆಂದು ತಿಳಿಯಲು ಈರುಳ್ಳಿಯ ಡಿಎನ್‌ಎಯನ್ನು ಅಳೆದು ನೋಡಬೇಕು. ಅದರ ಒಂದು ಪ್ರತಿಯಲ್ಲಿ ಸುಮಾರು 1,600 ಕೋಟಿ ಬೇಸ್ ಜೋಡಿಗಳಿವೆ, ಮನುಷ್ಯನದರ ಸುಮಾರು ಐದು ಪಟ್ಟು. ಬೇರಿನ ಪ್ರತಿ ಕೋಶದಲ್ಲೂ ಅಂತಹ ಎರಡು ಪ್ರತಿಗಳಿರುವುದರಿಂದ, ಹದಿನಾರು ವರ್ಣತಂತುಗಳನ್ನೂ ಬಿಚ್ಚಿ ಒಂದರ ತುದಿಗೊಂದು ಜೋಡಿಸಿದರೆ ಸುಮಾರು ಹನ್ನೊಂದು ಮೀಟರ್ ಆಗುತ್ತದೆ, ಅಂದರೆ ಎರಡು ಸೀರೆಗಳ ಉದ್ದ. ವಿಭಜನೆಗೆ ಮೊದಲು ಅದು ನಾಲ್ಕು ಸೀರೆಗಳಷ್ಟಾಗಬೇಕು. ಒಂದು ವರ್ಣತಂತುವಿನಲ್ಲಿ ಸರಾಸರಿ 200 ಕೋಟಿ ಬೇಸ್ ಜೋಡಿಗಳು. ನಮ್ಮಂತಹ ಕೋಶಗಳಲ್ಲಿ ನಕಲು ಮಾಡುವ ಯಂತ್ರ ಬ್ಯಾಕ್ಟೀರಿಯಾದ್ದಕ್ಕಿಂತ ಬಹಳ ನಿಧಾನ. ಸೆಕೆಂಡಿಗೆ ಐವತ್ತರಂತೆ ಲೆಕ್ಕ ಹಿಡಿದು, ಬ್ಯಾಕ್ಟೀರಿಯಾದಂತೆ ಒಂದೇ ಸ್ಥಳದಿಂದ ಎರಡು ದಿಕ್ಕಿಗೆ ಹೊರಟರೆ ಒಂದು ವರ್ಣತಂತು ಮುಗಿಯಲು ಏಳು ತಿಂಗಳಿಗೂ ಹೆಚ್ಚು ಬೇಕು. ಈರುಳ್ಳಿಯ ಬೇರು ಇಡೀ ಚಕ್ರವನ್ನೇ ಒಂದು ದಿನದೊಳಗೆ ಮುಗಿಸುತ್ತದೆ, ಏಕೆಂದರೆ ಪ್ರತಿ ವರ್ಣತಂತುವಿನ ಮೇಲೂ ಸಾವಿರಾರು ಸ್ಥಳಗಳಲ್ಲಿ ನಕಲು ಆರಂಭವಾಗುತ್ತದೆ. ನಾಟಿಯ ಗದ್ದೆಗೆ ಊರೆಲ್ಲ ಇಳಿದಂತೆ. ಆದರೆ ಸಾವಿರಾರು ಕಡೆ ಕೆಲಸ ನಡೆಯುವಾಗ ಎಲ್ಲ ಕಡೆಯೂ ಮುಗಿಯಿತೇ ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡುವುದು ಅಪಾಯ. ಒಂದೇ ಬಳೆಯನ್ನು ಒಂದೇ ಕಡೆಯಿಂದ ನಕಲು ಮಾಡುವ ಬ್ಯಾಕ್ಟೀರಿಯಾಕ್ಕೆ ಆ ಚಿಂತೆ ಕಡಿಮೆ, ಹಾಗಾಗಿ ಅದು ಕೆಲಸಗಳನ್ನು ಒಂದರ ಮೇಲೊಂದು ಹಾಕಿಕೊಳ್ಳಬಲ್ಲದು.

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆ. ಈ. ಕೋಲಿಯಲ್ಲಿ ನಕಲಾಗುವುದು ಮತ್ತು ಬೇರೆಯಾಗುವುದು ಒಟ್ಟಿಗೇ ನಡೆಯುತ್ತದೆ. ನಕಲು ಆರಂಭವಾಗುವ ಸ್ಥಳದ ಎರಡು ಪ್ರತಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ದೂರ ಸರಿಯತೊಡಗುತ್ತವೆ, ಉಳಿದ ಭಾಗ ಅವುಗಳ ಹಿಂದೆ ಬರುತ್ತದೆ. ಡಿಎನ್‌ಎಯನ್ನು ಮಡಿಚಿ ಅಡಕಗೊಳಿಸುವ ಪ್ರೋಟೀನುಗಳು ಒಂದೊಂದು ಪ್ರತಿಯನ್ನೂ ಅದರದರ ಗುಡ್ಡೆಯಾಗಿ ಒಟ್ಟುಮಾಡುತ್ತವೆ. ಇಕ್ಕಟ್ಟಾದ ಕೊಳವೆಯೊಳಗೆ ಉದ್ದನೆಯ ಎರಡು ಸರಪಳಿಗಳು ಒಂದರೊಳಗೊಂದು ಹೆಣೆದುಕೊಂಡಿರುವುದಕ್ಕಿಂತ ಬೇರೆಬೇರೆಯಾಗಿರುವುದೇ ಅವುಗಳಿಗೆ ಹೆಚ್ಚು ಸಹಜ ಎಂದು 2006ರಲ್ಲಿ ಸುಕ್‌ಜುನ್ ಜುನ್ ಮತ್ತು ಬೇಲಾ ಮುಲ್ಡರ್ ಲೆಕ್ಕ ಹಾಕಿ ತೋರಿಸಿದರು. ಕಾಲೋಬ್ಯಾಕ್ಟರ್‌ನಂತಹ ಬೇರೆ ಬ್ಯಾಕ್ಟೀರಿಯಾಗಳಲ್ಲಿ ನಕಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸುವುದಕ್ಕೆಂದೇ ಪ್ರೋಟೀನುಗಳಿವೆ. ಬಳೆಯೊಳಗೆ ಬಳೆ ಸಿಕ್ಕಿಕೊಂಡಂತೆ ಎರಡು ಪ್ರತಿಗಳು ತೊಡರಿಕೊಂಡರೆ, ಟೋಪೋಐಸೋಮರೇಸ್ ಎಂಬ ಕಿಣ್ವ ಒಂದನ್ನು ಕತ್ತರಿಸಿ, ಇನ್ನೊಂದನ್ನು ಆ ಸಂದಿಯಿಂದ ದಾಟಿಸಿ, ಮತ್ತೆ ಬೆಸೆಯುತ್ತದೆ. ಕೊನೆಗೆ ಗೋಡೆ ಮುಚ್ಚಿಕೊಳ್ಳುವ ಹೊತ್ತಿನಲ್ಲಿ ಬಾಗಿಲಲ್ಲಿ ಸಿಕ್ಕಿಕೊಂಡ ಡಿಎನ್‌ಎ ಏನಾದರೂ ಉಳಿದಿದ್ದರೆ, ಅಲ್ಲೇ ಕೂತಿರುವ ಪಂಪೊಂದು ಅದನ್ನು ಆಯಾ ಬದಿಗೆ ಎಳೆದು ಹಾಕುತ್ತದೆ. ಮೀಸೋಸೋಮಿನ ಒಂದೇ ಸಾಲಿನ ಉತ್ತರಕ್ಕಿಂತ ಇದು ದೀರ್ಘ, ಆದರೆ ಆ ಪ್ರಶ್ನೆಗೆ ತಕ್ಕ ಉತ್ತರ ಇದು.

ಗೋಡೆ ಕಟ್ಟುವ ಬಗೆ ಇನ್ನೂ ಸೊಗಸಾದದ್ದು. 1960ರ ದಶಕದಲ್ಲಿ ಯುಕಿನೋರಿ ಹಿರೋಟ ಮತ್ತು ಸಂಗಡಿಗರು, ಬಿಸಿ ಹೆಚ್ಚಿಸಿದಾಗ ಬೆಳೆಯುತ್ತಲೇ ಇದ್ದು ವಿಭಜನೆಯಾಗಲು ಮಾತ್ರ ಆಗದ ಈ. ಕೋಲಿ ತಳಿಗಳನ್ನು ಆರಿಸಿದರು. ಅವು ಶಾವಿಗೆಯ ಎಳೆಗಳಂತೆ ಉದ್ದವಾಗುತ್ತಾ ಹೋಗುತ್ತವೆ. ಕೆಟ್ಟುಹೋದ ಜೀನುಗಳಿಗೆ ‘ಎಫ್‌ಟಿಎಸ್’ ಎಂಬ ಹೆಸರು ಬಂತು. ಅವುಗಳಲ್ಲಿ ಝಡ್ ಎಂಬುದರ ಪ್ರೋಟೀನು, ಅಂದರೆ ಎಫ್‌ಟಿಎಸ್-ಝಡ್, ಕೋಶದ ನಟ್ಟನಡುವೆ ಪೊರೆಯ ಒಳಮೈಗೆ ಉಂಗುರವಾಗಿ ಸೇರಿಕೊಳ್ಳುವುದನ್ನು 1991ರಲ್ಲಿ ಎರ್‌ಫೇ ಬೀ ಮತ್ತು ಜೋ ಲುಟ್ಕೆನ್‌ಹಾಸ್ ಕಂಡರು. ಆ ಉಂಗುರ ಗಟ್ಟಿಯಾದ ಕಡಗವಲ್ಲ, ಚಿಕ್ಕಚಿಕ್ಕ ಎಳೆಗಳ ಗುಂಪು. ಪ್ರತಿ ಎಳೆಯೂ ಒಂದು ತುದಿಯಲ್ಲಿ ಬೆಳೆಯುತ್ತಾ ಇನ್ನೊಂದು ತುದಿಯಲ್ಲಿ ಸವೆಯುತ್ತಾ ವೃತ್ತದ ಸುತ್ತ ಸಾಗುತ್ತಿರುತ್ತದೆ, ಅದರ ಜೊತೆ ಗೋಡೆ ಕಟ್ಟುವ ಕಿಣ್ವಗಳೂ ಸುತ್ತುತ್ತವೆ ಎಂದು 2017ರಲ್ಲಿ ಗೊತ್ತಾಯಿತು. ಬಾವಿಗೆ ಸುತ್ತುಕಲ್ಲು ಕಟ್ಟುವವರು ಅಂಚಿನಗುಂಟ ಸುತ್ತಿಕೊಂಡು ಸಾಲು ಏರಿಸುವಂತೆ, ಈ ಗೋಡೆ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಬೆಳೆದು ನಡುವಿನ ತೂತನ್ನು ಮುಚ್ಚುತ್ತದೆ.

ನಟ್ಟನಡು ಯಾವುದೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಅಳತೆಕೋಲಿಲ್ಲ, ಗುರುತು ಹಾಕಿದವರಿಲ್ಲ. ಈ. ಕೋಲಿಯಲ್ಲಿ ಮಿನ್-ಸಿ, ಮಿನ್-ಡಿ, ಮಿನ್-ಇ ಎಂಬ ಮೂರು ಪ್ರೋಟೀನುಗಳಿವೆ. ಮಿನ್-ಡಿ ಕೋಶದ ಒಂದು ತುದಿಯ ಪೊರೆಗೆ ಅಂಟಿಕೊಳ್ಳುತ್ತದೆ. ಎಫ್‌ಟಿಎಸ್-ಝಡ್ ಉಂಗುರ ಕಟ್ಟದಂತೆ ತಡೆಯುವ ಮಿನ್-ಸಿ ಅದರ ಬೆನ್ನಿಗಿರುತ್ತದೆ. ಹಿಂದಿನಿಂದ ಬರುವ ಮಿನ್-ಇ ಅವುಗಳನ್ನು ಪೊರೆಯಿಂದ ಕೀಳುತ್ತದೆ. ಕಿತ್ತು ಬಂದವು ಇನ್ನೊಂದು ತುದಿಗೆ ಹೋಗಿ ಅಂಟಿಕೊಳ್ಳುತ್ತವೆ, ಮಿನ್-ಇ ಅಲ್ಲಿಗೂ ಬರುತ್ತದೆ. ಹೀಗೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಸುಮಾರು ಒಂದು ನಿಮಿಷಕ್ಕೊಮ್ಮೆ ಅವು ಓಡಾಡುತ್ತಲೇ ಇರುತ್ತವೆ. 1999ರಲ್ಲಿ ಡೇವಿಡ್ ರಾಸ್ಕಿನ್ ಮತ್ತು ಪೀಟ್ ಡಿ ಬೋರ್ ಹೊಳೆಯುವ ಪ್ರೋಟೀನಿನ ಗುರುತು ಹಚ್ಚಿ ಈ ಓಡಾಟವನ್ನು ತೋರಿಸಿದರು. ತೊಟ್ಟಿಲು ತೂಗುವಾಗ ಎರಡು ತುದಿಗಳಲ್ಲಿ ತಡೆದು, ನಡುವನ್ನು ಬೇಗ ದಾಟಿಹೋಗುವ ಹಾಗೆ, ತಡೆಯುವ ಪ್ರೋಟೀನು ಸರಾಸರಿಯಲ್ಲಿ ತುದಿಗಳಲ್ಲಿ ಹೆಚ್ಚು ಹೊತ್ತು, ನಡುವೆ ಕಡಿಮೆ ಹೊತ್ತು ಇರುತ್ತದೆ. ಉಂಗುರ ಕಟ್ಟಲು ಅವಕಾಶ ಸಿಗುವುದು ನಡುವೆ ಮಾತ್ರ. ಈ ವ್ಯವಸ್ಥೆ ಕೆಟ್ಟ ತಳಿಗಳಲ್ಲಿ ಗೋಡೆ ತುದಿಯಲ್ಲೇ ಬಿದ್ದು, ಡಿಎನ್‌ಎ ಇಲ್ಲದ ಪುಟ್ಟ ಕೋಶಗಳು ಉದುರುತ್ತವೆ. ಜೊತೆಗೆ ಇನ್ನೊಂದು ಪ್ರೋಟೀನು ಡಿಎನ್‌ಎಯ ಗುಡ್ಡೆಯ ಮೇಲೆ ಗೋಡೆ ಬೀಳದಂತೆ ಕಾಯುತ್ತದೆ.

ಈರುಳ್ಳಿ ಇದೇ ಪ್ರಶ್ನೆಗೆ ಬೇರೆಯೇ ಉತ್ತರ ಕಂಡುಕೊಂಡಿದೆ. ವಿಭಜನೆ ಆರಂಭವಾಗುವ ಮೊದಲೇ ಕೋಶದ ಒಳಮೈಯಲ್ಲಿ ಸೂಕ್ಷ್ಮನಾಳಗಳೆಂಬ ಪ್ರೋಟೀನಿನ ಕೊಳವೆಗಳ ಒಂದು ಪಟ್ಟಿ, ಸೊಂಟಕ್ಕೆ ಕಟ್ಟಿದ ಉಡಿದಾರದಂತೆ, ಮೂಡಿ ಅನಂತರ ಮಾಯವಾಗುತ್ತದೆ. ವರ್ಣತಂತುಗಳು ಬೇರೆಯಾಗಿ, ಹೊಸ ಗೋಡೆ ನಡುವಿನಲ್ಲಿ ಬಿಲ್ಲೆಯಾಗಿ ಹುಟ್ಟಿ, ಅಂಚಿನ ಕಡೆಗೆ ಹರಡುತ್ತಾ ಹೋಗಿ, ಪಟ್ಟಿಯಿದ್ದ ಅದೇ ಜಾಗಕ್ಕೆ ಬಂದು ಸೇರುತ್ತದೆ. ಬ್ಯಾಕ್ಟೀರಿಯಾ ಹೊರಗಿನಿಂದ ಒಳಕ್ಕೆ ಕಟ್ಟುತ್ತದೆ, ಈರುಳ್ಳಿ ಒಳಗಿನಿಂದ ಹೊರಕ್ಕೆ. ಗೋಡೆಯಿಲ್ಲದ ನಮ್ಮ ಕೋಶ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಪಟ್ಟಿಯಿಂದ ನಡುವನ್ನು ಬಿಗಿದು ಎರಡಾಗುತ್ತದೆ.

ಎಳೆಯುವ ಕೆಲಸದಲ್ಲಿ ಮಾತ್ರ ಈರುಳ್ಳಿಯೂ ನಾವೂ ಒಂದೇ. ವಾಲ್ಟರ್ ಫ್ಲೆಮಿಂಗ್ ಸಾಲಮ್ಯಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ನೋಡಿ, ಎಳೆಗಳಂತೆ ಕಂಡ ಆ ದೃಶ್ಯಕ್ಕೆ ನೂಲು ಎಂಬರ್ಥದ ಗ್ರೀಕ್ ಪದದಿಂದ 1882ರಲ್ಲಿ ಮೈಟೋಸಿಸ್ ಎಂದು ಹೆಸರಿಟ್ಟರು. ಆ ಎಳೆಗಳನ್ನು ಎಳೆಯುವ ಸಾಧನಕ್ಕೆ ನಾವು ಕದಿರು ಎನ್ನುತ್ತೇವೆ. ಎರಡು ತುದಿ ಚೂಪಾಗಿ ನಡು ಉಬ್ಬಿದ ಅದರ ಆಕಾರಕ್ಕೆ ನೂಲುವ ಕದಿರಿಗಿಂತ ಒಳ್ಳೆಯ ಹೆಸರಿಲ್ಲ. ಈ ಹಂತದಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಕೋಶದ ಕಾಯುವಿಕೆ. ವರ್ಣತಂತುಗಳೆಲ್ಲ ಎರಡೂ ಕಡೆಯ ಎಳೆಗಳಿಗೆ ಸರಿಯಾಗಿ ಸಿಕ್ಕಿಕೊಂಡಿದ್ದು, ಒಂದೇ ಒಂದು ಹೊರಗೆ ಅಲೆಯುತ್ತಿದ್ದರೂ ಇಡೀ ಕೋಶ ಅದಕ್ಕಾಗಿ ನಿಲ್ಲುತ್ತದೆ. 1995ರಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು ಹಾಗೆ ಕಾಯುತ್ತಿದ್ದ ಕೋಶಗಳಲ್ಲಿ, ಆ ಕೊನೆಯ ವರ್ಣತಂತು ಎಳೆಗೆ ಕಟ್ಟಿಕೊಳ್ಳಬೇಕಾದ ಜಾಗವನ್ನು ಲೇಸರಿನಿಂದ ಸುಟ್ಟರು. ಸುಟ್ಟ ಸ್ವಲ್ಪ ಹೊತ್ತಿಗೆ, ಎಲ್ಲವೂ ಸಿದ್ಧವಾಯಿತೆಂಬಂತೆ, ಕೋಶ ವರ್ಣತಂತುಗಳನ್ನು ಬೇರ್ಪಡಿಸಿತು. ‘ನಾನಿನ್ನೂ ಸೇರಿಲ್ಲ’ ಎಂಬ ಸಂಕೇತ ಹೊರಡುತ್ತಿದ್ದದ್ದು ಆ ಜಾಗದಿಂದಲೇ ಎಂಬುದು ಇದರಿಂದ ಸ್ಪಷ್ಟವಾಯಿತು. ಬ್ಯಾಕ್ಟೀರಿಯಾಕ್ಕೆ ಕಾಯುವುದೇ ತಿಳಿಯದೆಂದು ಇದರ ಅರ್ಥವಲ್ಲ: ಡಿಎನ್‌ಎಗೆ ಪೆಟ್ಟಾದರೆ ಅದು ಎಫ್‌ಟಿಎಸ್-ಝಡ್ ಉಂಗುರ ಕಟ್ಟದಂತೆ ಮಾಡುವ ಪ್ರೋಟೀನನ್ನು ತಯಾರಿಸಿ, ರಿಪೇರಿ ಮುಗಿಯುವವರೆಗೆ ವಿಭಜನೆಯನ್ನು ಮುಂದೂಡುತ್ತದೆ. ಆದರೆ ಪ್ರತಿ ಸಲವೂ ಪ್ರತಿ ವರ್ಣತಂತುವನ್ನೂ ಎಣಿಸಿ ನಿಲ್ಲುವ ಶಿಸ್ತು ಕದಿರು ಇರುವ ಕೋಶಗಳದ್ದು.

ಕದಿರಿನ ಎಳೆಗಳು ಟ್ಯುಬುಲಿನ್ ಎಂಬ ಪ್ರೋಟೀನಿನಿಂದ ಆದವು. 1998ರ ಜನವರಿಯಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ರಚನೆಗಳು ಪ್ರಕಟವಾದವು, ಒಂದು ಟ್ಯುಬುಲಿನ್‌ನದು, ಇನ್ನೊಂದು ಎಫ್‌ಟಿಎಸ್-ಝಡ್‌ನದು. ಅಮೈನೋ ಆಮ್ಲಗಳ ಸಾಲು ನೋಡಿದರೆ ಎರಡಕ್ಕೂ ಹೋಲಿಕೆ ಬಹಳ ಕಡಿಮೆ. ಮಡಿಕೆಯ ಆಕಾರ ನೋಡಿದರೆ ಒಂದೇ ಮನೆಯವು. ಅಂದರೆ ಬ್ಯಾಕ್ಟೀರಿಯಾದಲ್ಲಿ ಕೋಶವನ್ನು ಕತ್ತರಿಸುವ ಕೆಲಸಕ್ಕಿರುವ ಪ್ರೋಟೀನಿನ ನೆಂಟ ನಮ್ಮಲ್ಲಿ ವರ್ಣತಂತು ಎಳೆಯುವ ಕೆಲಸ ಮಾಡುತ್ತಿದೆ. ಅತ್ತ ನಮ್ಮಲ್ಲಿ ಕೋಶದ ನಡುವನ್ನು ಬಿಗಿಯುವ ಆಕ್ಟಿನ್‌ಗೂ ಬ್ಯಾಕ್ಟೀರಿಯಾದಲ್ಲಿ ನೆಂಟರಿದ್ದಾರೆ, ಅವರಲ್ಲಿ ಒಬ್ಬ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಬಳೆಗಳನ್ನು ಎರಡು ತುದಿಗಳಿಗೆ ತಳ್ಳುತ್ತಾನೆ. ಕೆಲಸಗಳು ಅದಲುಬದಲಾಗಿವೆ. ಈ ಅದಲುಬದಲು ಪೂರ್ತಿ ಅಚ್ಚುಕಟ್ಟಲ್ಲ, ಏಕೆಂದರೆ ಎಫ್‌ಟಿಎಸ್-ಝಡ್ ಉಂಗುರವನ್ನು ಪೊರೆಗೆ ಕಟ್ಟಿ ಹಿಡಿಯುವ ಪ್ರೋಟೀನು ಕೂಡ ಆಕ್ಟಿನ್‌ನ ಬಂಧುವೇ. ಆದರೂ ಇದನ್ನು ಓದಿದ ದಿನ ‘ಸರಳ’ ಎಂಬ ಪದ ನನ್ನ ಪಾಠದಿಂದ ಬಿಟ್ಟುಹೋಯಿತು.

ಈ ಭೇದ ಪುಸ್ತಕದಲ್ಲಿ ಮಾತ್ರ ಉಳಿದಿದ್ದರೆ ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲವೇನೋ. ನನ್ನ ತಮ್ಮನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾದಾಗ ಅವನಿಗೆ ಕೊಟ್ಟ ಔಷಧಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ಅದು ನಮ್ಮೂರಿನ ಅಂಗಳಗಳಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪದಿಂದ, ಅಂದರೆ ಕಾಶಿ ಕಣಗಿಲೆಯಿಂದ ಬರುವ ಔಷಧ. ಟ್ಯುಬುಲಿನ್‌ಗೆ ಅಂಟಿಕೊಂಡು ಕದಿರು ಕಟ್ಟದಂತೆ ಮಾಡುತ್ತದೆ. ಕದಿರಿಲ್ಲದ ಕೋಶ ಕಾಯುತ್ತದೆ, ಕಾಯುತ್ತಾ ಬಹುಪಾಲು ಸಾಯುತ್ತದೆ. ಆ ಔಷಧ ರೋಗದ ಕೋಶ ಯಾವುದು, ನಮ್ಮದು ಯಾವುದು ಎಂದು ಬಿಡಿಸಿ ನೋಡಲಾರದು. ಎರಡನೆಯ ಸುತ್ತು ಮುಗಿದ ಮೇಲೆ ತಮ್ಮನ ಬೆರಳ ತುದಿಗಳು ಜೋಮು ಹಿಡಿದು, ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ. ನರಕೋಶಗಳು ವಿಭಜನೆಯಾಗುವುದಿಲ್ಲ, ಆದರೆ ಅವುಗಳ ಉದ್ದನೆಯ ಬಾಲದೊಳಗೆ ಸರಕು ಸಾಗುವ ದಾರಿಯೂ ಟ್ಯುಬುಲಿನ್‌ನಿಂದಲೇ ಆದದ್ದು. ಪ್ರತಿ ಬೆಳಿಗ್ಗೆ ಅವನ ಗುಂಡಿ ಹಾಕುವಾಗ ನನಗೆ ಆ ಪ್ರೋಟೀನಿನ ಹೆಸರು ನೆನಪಾಗುತ್ತಿತ್ತು.

ಆಮೇಲೆ ಬಿಳಿರಕ್ತಕಣಗಳು ಇಳಿದು ಜ್ವರ ಬಂತು. ಅದೇ ಕಂಬಕ್ಕೆ ಈಗ ಬೇರೆ ಬಾಟಲಿ ತೂಗುಹಾಕಿದರು, ಪೆನಿಸಿಲಿನ್ ಕುಟುಂಬದ ಪಿಪೆರಾಸಿಲಿನ್ ಇದ್ದ ಬಾಟಲಿ. ಅದು ಈ. ಕೋಲಿಯಂತಹ ಬ್ಯಾಕ್ಟೀರಿಯಾದಲ್ಲಿ ಮುಖ್ಯವಾಗಿ ಹಿಡಿಯುವುದು ಎಫ್‌ಟಿಎಸ್-ಐ ಎಂಬ ಕಿಣ್ವವನ್ನು, ಅಂದರೆ ಎಫ್‌ಟಿಎಸ್-ಝಡ್‌ನ ಜೊತೆ ಸುತ್ತುತ್ತಾ ನಡುಗೋಡೆ ಕಟ್ಟುವ ಕೆಲಸಗಾರನನ್ನು. ನಮ್ಮ ಕೋಶಗಳಲ್ಲಿ ಅಂತಹ ಗೋಡೆಯೂ ಇಲ್ಲ, ಆ ಕಿಣ್ವವೂ ಇಲ್ಲ. ಹಾಗಾಗಿ ಗ್ರಾಂಗಟ್ಟಲ ಔಷಧ ರಕ್ತಕ್ಕೆ ಹೋದರೂ ತಮ್ಮನ ಕೋಶಗಳಲ್ಲಿ ಅದಕ್ಕೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ವಿನ್‌ಕ್ರಿಸ್ಟಿನ್ ಒಂದು ಸಲಕ್ಕೆ ಎರಡು ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುವ ವೈದ್ಯರು ಇದನ್ನು ದಿನಕ್ಕೆ ಹಲವು ಗ್ರಾಂ ಕೊಡುತ್ತಿದ್ದರು. ಎರಡೂ ಔಷಧಗಳು ಮಾಡುವುದು ಒಂದೇ, ಕೋಶ ಎರಡಾಗದಂತೆ ತಡೆಯುವುದು. ಒಂದು ಬೆರಳನ್ನು ಜೋಮು ಹಿಡಿಸಿತು, ಇನ್ನೊಂದು ಮೂರನೆಯ ದಿನ ಜ್ವರವನ್ನು ಇಳಿಸಿತು. ತಮ್ಮ ಈಗ ಗುಣವಾಗಿದ್ದಾನೆ, ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ.

ಕದಿರು ಕಟ್ಟದಂತೆ ತಡೆಯುವ ಇನ್ನೊಂದು ವಸ್ತು ಕಾಲ್ಚಿಸಿನ್. ಮಲೆನಾಡಿನ ಬೇಲಿಗಳ ಮೇಲೆ ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಬೀಜದಲ್ಲೂ ಅದಿದೆ, ಆ ಗೆಡ್ಡೆ ವಿಷವೆಂದು ಹಿರಿಯರು ಮಕ್ಕಳನ್ನು ದೂರವಿಡುವುದು ಇದರಿಂದಲೇ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಕಾಲ್ಚಿಸಿನ್ ಈರುಳ್ಳಿಯ ಬೇರಿನ ವಿಭಜನೆಯನ್ನು ಹೇಗೆ ನಿಲ್ಲಿಸುತ್ತದೆಂದು ವಿವರವಾಗಿ ಬರೆದರು. ಅದೇ ಲೆವಾನ್ 1956ರಲ್ಲಿ ಜೋ ಹಿನ್ ತ್ಜಿಯೋ ಜೊತೆಗೂಡಿ, ಕಾಲ್ಚಿಸಿನ್ ಬಳಸಿ ಮನುಷ್ಯನ ಕೋಶಗಳನ್ನು ವಿಭಜನೆಯ ನಡುವೆ ನಿಲ್ಲಿಸಿ ಎಣಿಸಿ, ನಮ್ಮ ವರ್ಣತಂತುಗಳು ಅಲ್ಲಿಯವರೆಗೆ ನಂಬಿದ್ದಂತೆ 48 ಅಲ್ಲ, 46 ಎಂದು ತೋರಿಸಿದರು. ಹೆಬ್ಬೆರಳಿನಿಂದ ಸ್ಲೈಡು ಒತ್ತುವ ಮಕ್ಕಳಿಗೆ ಈ ಕಥೆಯನ್ನು ನಾನು ತಪ್ಪದೆ ಹೇಳುತ್ತೇನೆ.

ಈಗ ಆ ತರಗತಿಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿದ್ದೇನೆ. ಈರುಳ್ಳಿಯ ಕೋಶದೊಳಗೆ ಪ್ಲಾಸ್ಟಿಡ್‌ಗಳಿವೆ. ಎಲೆಗಳಲ್ಲಿ ಹಸಿರಾಗುವ ಅವೇ ಬೇರಿನಲ್ಲಿ ಬಣ್ಣವಿಲ್ಲದೆ ಇರುತ್ತವೆ. ಅವು ಬಹಳ ಹಿಂದೆ ಒಳಸೇರಿ ಉಳಿದುಬಿಟ್ಟ ಬ್ಯಾಕ್ಟೀರಿಯಾದ ಸಂತತಿ. ಕೋಶ ಎರಡಾಗುವುದಕ್ಕೆ ತಕ್ಕಂತೆ ಅವೂ ಎರಡಾಗಬೇಕು. ಅವುಗಳ ಒಳಮೈಯಲ್ಲಿ ಇಂದಿಗೂ ಎಫ್‌ಟಿಎಸ್-ಝಡ್‌ನ ಉಂಗುರವೇ ಕಟ್ಟಿಕೊಳ್ಳುತ್ತದೆ, ಹೊರಮೈಯಲ್ಲಿ ಸಸ್ಯಕೋಶ ತಾನು ತಯಾರಿಸಿದ ಡೈನಮಿನ್ ಜಾತಿಯ ಪ್ರೋಟೀನಿನ ಉಂಗುರ ಹಾಕುತ್ತದೆ, ಎರಡೂ ಕೂಡಿ ಪ್ಲಾಸ್ಟಿಡ್ಡನ್ನು ಕತ್ತರಿಸುತ್ತವೆ. ಕದಿರು ಹದಿನಾರು ವರ್ಣತಂತುಗಳನ್ನು ಎಣಿಸಿ ಎಳೆಯುವ ಅದೇ ಕೋಶದೊಳಗೆ ಹೆಪ್ಪಿನ ಪಾತ್ರೆಯ ಆ ಹಳೆಯ ಕ್ರಮವೂ ನಡೆಯುತ್ತಿರುತ್ತದೆ. ಎಲ್ಲಿ ಮೇಡಂ, ತೋರಿಸಿ ಎಂದು ಮಕ್ಕಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಅಸಿಟೋಕಾರ್ಮಿನ್ ಹಿಡಿಯುವುದು ವರ್ಣತಂತುಗಳನ್ನು; ಕೆಂಪು ಗುಂಪುಗಳ ಸುತ್ತ ಖಾಲಿಯಾಗಿ ಕಾಣುವ ಜಾಗವಿದೆಯಲ್ಲ, ಅವು ಇರುವುದು ಅಲ್ಲಿ ಎನ್ನುತ್ತೇನೆ.